ಬೆನ್ನು ತಿರುಗಿಸಿ ನಿಂತವನ ಮಾತು

ಫೆಬ್ರವರಿ 6

ಪ್ರೀತಿಯ ತಮ್ಮ,

ಫೋನು ಮಾಡಿದರೆ ನೀನು ‘ಹೂಂ’, ‘ಉಹೂಂ’ ಬಿಟ್ಟು ಬೇರೆ ಮಾತಾಡುವುದಿಲ್ಲ. ಕಾಗದದಲ್ಲಿ ಬರೀ ‘ಹೂಂ’ ಎಂದು ಬರೆದು ಅಂಚೆಗೆ ಹಾಕಲು ನಿನಗೂ ನಾಚಿಕೆಯಾದೀತು, ನಾಲ್ಕು ಸಾಲಾದರೂ ಬಂದೀತು ಎಂದು ಬರೆಯುತ್ತಿದ್ದೇನೆ.

ಹೊಸ ಕೆಲಸ ಸಿಕ್ಕಿದೆ. ಪುರಾತನ ರೋಮಿನ ಸಿನಿಮಾ, ಮೊದಲಿಂದ ಕೊನೆಯವರೆಗೆ ಸೇಡು. ಅದನ್ನು ಕನ್ನಡಕ್ಕೆ ಡಬ್ ಮಾಡುತ್ತಿದ್ದಾರೆ, ಮಾತು ಬರೆಯುವವಳು ನಾನು. ನಾಯಕ ಸೇತುವೆ ಕಟ್ಟುವವನು. ಅವನ ಹೆಸರು ಯಾರ ನಾಲಿಗೆಗೂ ಹೊರಳದ್ದರಿಂದ ನಾವು ಅವನನ್ನು ‘ಸೇತುವೆ’ ಎಂದೇ ಕರೆಯುತ್ತೇವೆ. ಒಬ್ಬ ಮಂತ್ರಿ ಸುಳ್ಳು ಆರೋಪ ಹೊರಿಸಿ ಅವನ ತಂದೆಯನ್ನು ಕೊಲ್ಲಿಸುತ್ತಾನೆ. ಸೇತುವೆ ಹೊರಡುತ್ತಾನೆ, ಮಂತ್ರಿಯ ಬಂಟರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾನೆ. ಆದರೆ ಅವನಿಗೊಂದು ವ್ರತವಿದೆ: ಬರಿಗೈಯವನನ್ನು ಹೊಡೆಯುವುದಿಲ್ಲ. ಎದುರಾಳಿಯ ಮುಂದೆ ಮೊದಲು ಒಂದು ಕತ್ತಿ ಎಸೆಯುತ್ತಾನೆ, ಅವನು ಎತ್ತಿಕೊಂಡ ಮೇಲೆಯೇ ಕಾದಾಟ.

ಸೇತುವೆಗೆ ದನಿ ಕೊಡುವವನನ್ನು ಇಲ್ಲಿ ‘ಗುಡುಗು’ ಎನ್ನುತ್ತಾರೆ. ಎದುರುಮನೆ ನಾಯಿ ಬೊಗಳಿದರೆ ಕಿಟಕಿ ಮುಚ್ಚಿಕೊಳ್ಳುವ ಪ್ರಾಣಿ, ಮೈಕಿನ ಮುಂದೆ ನಿಂತರೆ ರೋಮ್ ನಡುಗಬೇಕು. ತೊಂದರೆ ಇರುವುದು ನನ್ನಲ್ಲಿ. ಅಪ್ಪನ ಕೇಸಿಗೆಂದು ನಾಲ್ಕು ವರ್ಷ ಕೋರ್ಟಿಗೆ ಅಲೆದು ನನ್ನ ಸಿಟ್ಟೆಲ್ಲ ಚಪ್ಪಲಿಯ ಜೊತೆಗೇ ಸವೆದುಹೋಗಿದೆ. ನಾನು ಬರೆದದ್ದನ್ನು ಓದಿ ಸ್ಟುಡಿಯೋ ಮಾಲೀಕರು, “ಮೇಡಂ, ಇವ್ನು ಸೇಡು ತೀರಿಸ್ಕೊಳ್ಳೋಕೆ ಹೊರಟಿದ್ದಾನಾ, ರಜಾ ಕೇಳೋಕೆ ಹೊರಟಿದ್ದಾನಾ?” ಎಂದರು.

ನಿನ್ನ ಬಾಯಿ ಚಿಕ್ಕಂದಿನಿಂದ ಹರಿತ. ನಾಲ್ಕು ಮಾತು ಬರೆದು ಕಳಿಸು. ತೀರ್ಪಿನ ವಿಷಯ ಬೇಡ, ಬಂದಾಗ ಮಾತಾಡೋಣ. ಅಮ್ಮನ ಮಂಡಿ ನೋವು ಹೇಗಿದೆ?

ನಿನ್ನ ಅಕ್ಕ

ಫೆಬ್ರವರಿ 15

ಅಕ್ಕಾ,

ಅಮ್ಮನ ಮಂಡಿ ಹಾಗೇ ಇದೆ.

ತೀರ್ಪಿನ ಮಾತು ಬೇಡ ಎಂದು ನೀನು ಸುಲಭವಾಗಿ ಬರೆದುಬಿಟ್ಟೆ. ಅಮ್ಮನಿಗೆ ಹೇಳಬೇಕಾಗಿ ಬಂದದ್ದು ನನಗೆ. ಸಾಕ್ಷಿ ಸಾಲದೆಂದು ಗೋದಾಮಿನ ಯಜಮಾನನನ್ನು ಬಿಟ್ಟರು ಎಂದೆ. “ಹೊರಗಡೆಯಿಂದ ಬೀಗ ಹಾಕ್ಸಿದ್ದು ಅವ್ನೇ ಅಲ್ವೇನೋ? ಕೀ ಅವ್ನ ಜೇಬಲ್ಲೇ ಇತ್ತಲ್ಲೋ?” ಎಂದಳು. ಹೌದು, ಕಾವಲಿಗಿದ್ದ ಅಪ್ಪ ಒಳಗಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲವಂತೆ, ಎಂದೆ. “ಬೆಂಕಿ ಬಿದ್ದಾಗ ಒಂದು ಸಲ ಬಾಗಿಲು ಬಡಿದು ಕೇಳೋಕೆ ಏನಾಗಿತ್ತು?” ಎಂದಳು. ಅದಕ್ಕೆ ಉತ್ತರ ನಿನ್ನ ವಕೀಲರ ಹತ್ತಿರ ಇದ್ದರೆ ಕೇಳಿ ನೋಡು.

ನನ್ನ ಕೆಲಸ ಎಂದಿನಂತೆ. ಕಂಬ ಹತ್ತುವುದು, ಇಳಿಯುವುದು, ಕರೆಂಟು ಯಾವಾಗ ಬರುತ್ತದೆ ಎಂದು ಕೇಳುವವರಿಂದ ಬೈಸಿಕೊಳ್ಳುವುದು.

ನಿನ್ನ ಸೇತುವೆಗೆ ಇವು ಆದಾವೇ ನೋಡು:

‘ನಿನಗೆ ಕತ್ತಿ ಕೊಡುತ್ತಿರುವುದು ದಯೆಯಿಂದಲ್ಲ. ನಾಳೆ ಯಾರೂ ನಿನ್ನ ಪರವಾಗಿ ಅಳಬಾರದು, ಅದಕ್ಕೆ.’

‘ನಾನು ಕೂಗುವುದಿಲ್ಲ. ಯಾರಾದರೂ ಕೇಳಿಸಿಕೊಂಡಾರು ಎಂಬ ಆಸೆ ಇದ್ದವರು ಕೂಗುತ್ತಾರೆ.’

ತಮ್ಮ

ಫೆಬ್ರವರಿ 20

ಪ್ರೀತಿಯ ತಮ್ಮ,

ಎಲ್ಲಿದ್ದೆಯೋ ಇಷ್ಟು ದಿನ! ಎರಡನೆಯ ಮಾತು ಹೇಳಿ ಮುಗಿಸಿದ ಗುಡುಗು ಹೆಡ್‌ಫೋನ್ ತೆಗೆದು, “ಯಾರಿದು ಬರೆದಿದ್ದು?” ಎಂದು ಕೇಳಿದ. ನನ್ನ ತಮ್ಮ, ಲೈನ್‌ಮನ್, ಎಂದೆ. “ಕಂಬದಿಂದ ಇಳಿಸಿ ಇಲ್ಲಿಗೆ ಕರ್ಕೊಂಡ್ ಬನ್ನಿ,” ಎಂದು ಮಾಲೀಕರು ನಕ್ಕರು. ನನಗೆ ನಿಜವಾಗಿಯೂ ಹೆಮ್ಮೆಯಾಯಿತು. ಇಷ್ಟು ದಿನ ನಿನ್ನ ಈ ಬುದ್ಧಿಯನ್ನು ಫ್ಯೂಸು ಕಟ್ಟುವುದಕ್ಕೆ ಸುರಿದೆಯಲ್ಲ.

ಈ ಕೆಲಸದ ಕಷ್ಟ ನಿನಗೆ ಗೊತ್ತಿರಲಿಕ್ಕಿಲ್ಲ. ತೆರೆಯ ಮೇಲಿನವನು ತುಟಿ ಮುಚ್ಚಿದರೆ ನಮ್ಮ ಮಾತಿನಲ್ಲೂ ಅಲ್ಲಿ ತುಟಿ ಮುಚ್ಚಬೇಕು, ಬಾಯಿ ತೆರೆದರೆ ತೆರೆಯಬೇಕು. ಒಂದೊಂದು ಸಾಲಿಗೆ ಅರ್ಧ ದಿನ ಹೋಗುತ್ತದೆ. ಅವನು ಬೆನ್ನು ತಿರುಗಿಸಿ ನಿಂತಾಗ ಮಾತ್ರ ನಮಗೆ ಹಬ್ಬ. ಬಾಯಿ ಕಾಣುವುದಿಲ್ಲವಲ್ಲ, ಏನು ಬೇಕಾದರೂ ಹೇಳಿಸಬಹುದು.

ಕೊನೆಯ ದೃಶ್ಯ ಅಂಥದ್ದೇ. ಮಂತ್ರಿ ಈಗ ಮುದುಕ, ಸ್ನಾನದ ಕೊಳದಲ್ಲಿ ಒಬ್ಬನೇ ಇದ್ದಾನೆ. ಸೇತುವೆ ಒಳಗೆ ಬಂದು ಕತ್ತಿ ಎಸೆಯುತ್ತಾನೆ. ಮುದುಕ ಅದನ್ನು ಎತ್ತಿಕೊಳ್ಳುವುದೇ ಇಲ್ಲ, ನೀರಿನಲ್ಲಿ ಹಾಗೇ ಕೂತಿರುತ್ತಾನೆ. ಸೇತುವೆ ನಮ್ಮ ಕಡೆ ಬೆನ್ನು ಹಾಕಿ ಬಹಳ ಹೊತ್ತು ನಿಲ್ಲುತ್ತಾನೆ, ಆಮೇಲೆ ಹೊರಟುಹೋಗುತ್ತಾನೆ. ಮೂಲದಲ್ಲಿ ಅಲ್ಲಿ ಒಂದು ಮಾತೂ ಇಲ್ಲ. ಮೊದಲ ಸಲ ನೋಡಿದಾಗ ನನಗೆ ಎದ್ದು ಹೋಗಲು ಆಗಲಿಲ್ಲ. ಆದರೆ ಮಾಲೀಕರು, “ಇಷ್ಟುದ್ದ ಸುಮ್ನೆ ನಿಂತ್ರೆ ಜನ ಸೌಂಡು ಹೋಯ್ತು ಅಂತ ಕೂಗ್ತಾರೆ, ಭರ್ಜರಿ ಡೈಲಾಗ್ ಹಾಕಿ,” ಎನ್ನುತ್ತಾರೆ. ಆ ಬೆನ್ನಿಗೆ ನೀನೇ ಒಂದು ಮಾತು ಕೊಡು.

ನಿನ್ನ ಅಕ್ಕ

ಮಾರ್ಚ್ 2

ಅಕ್ಕಾ,

ಬರೆಯಲು ತಡವಾಯಿತು. ಈಗ ಆ ಗೋದಾಮಿನ ಯಜಮಾನನ ಬೀದಿ ನನ್ನ ಪಾಲಿಗೆ ಬಿದ್ದಿದೆ. ಮೊನ್ನೆ ಅವನ ಮನೆಯಿಂದಲೇ ದೂರು ಬಂತು, ಬಚ್ಚಲುಮನೆಯಲ್ಲಿ ಶಾಕ್ ಹೊಡೆಯುತ್ತದೆಂದು. ಮನೆಯೊಳಗಿನ ವೈರಿಂಗು ನಮ್ಮ ಕೆಲಸವಲ್ಲ. ಆದರೆ ನಮ್ಮ ಸಾಹೇಬರು, “ದೊಡ್ಡವರ ಮನೆ ಕಣಪ್ಪಾ, ನೋಡ್ಕೊಂಡ್ ಬಾ,” ಎಂದರು. ಹೋಗಿ ಬಂದೆ, ಕೆಲಸ ಇನ್ನೂ ಬಾಕಿ ಇದೆ. ಕೋರ್ಟಿಗೆ ಅಲೆದವಳು ನೀನು, ನನ್ನ ಗುರುತು ಅವನಿಗೆ ಸಿಗಲಿಲ್ಲ. ‘ಏ ಲೈಟಿನವನೇ’ ಎಂದು ಕರೆಯುತ್ತಾನೆ. ವಯಸ್ಸಾಗಿದೆ.

ನಿನ್ನ ಬೆನ್ನಿನವನ ಮಾತು ಇಲ್ಲಿದೆ:

‘ಮುದುಕನೇ, ಬೆಳಗಿನ ಹಾಲು ಬಂದ ಮೇಲೆ ನೀನು ಬಿಸಿನೀರಿನ ಕೋಣೆಗೆ ಹೋಗುತ್ತೀಯೆ. ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತೀಯೆ. ನಿನ್ನನ್ನು ಕೇಳುವವರು ಅಲ್ಲಿ ಯಾರೂ ಇರುವುದಿಲ್ಲ. ನಾನು ಬರಬೇಕಾಗಿಯೂ ಇಲ್ಲ. ನಿನ್ನ ಜೀವ ನನ್ನ ಜೇಬಿನಲ್ಲಿದೆ.’

ಬೇಕಾದರೆ ಉದ್ದ ಮಾಡಿಕೋ. ನನಗೆ ಈಚೆಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ.

ತಮ್ಮ

ಮಾರ್ಚ್ 7

ಪ್ರೀತಿಯ ತಮ್ಮ,

ಲೋ ಮಹರಾಯ, ರೋಮನ್ನರಿಗೆ ಜೇಬು ಎಲ್ಲಿಂದ ಬಂತೋ? ಮೈಗೆ ಸೀರೆ ಸುತ್ತಿಕೊಂಡ ಹಾಗೆ ಬಟ್ಟೆ ಸುತ್ತಿಕೊಂಡು ಓಡಾಡುವ ಜನ. ನಾನೂ ಗುಡುಗೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಜೇಬು ತೆಗೆದು ‘ಮುಷ್ಟಿಯಲ್ಲಿದೆ’ ಎಂದು ಮಾಡಿದೆ. ಹಾಲಿನವನನ್ನೂ ರೋಮಿನಿಂದ ಓಡಿಸಿದೆ, ಪಾಪ. ಉಳಿದದ್ದು ಹಾಗೇ ಇದೆ. ಮೈ ಜುಮ್ಮೆನ್ನುವ ಮಾತು, ಎಲ್ಲಿಂದ ಹೊಳೆಯಿತೋ ನಿನಗೆ.

ಆ ಮನೆಗೆ ಹೋಗಬೇಕಾಗಿ ಬಂತೆಂದು ಓದಿ ಸಂಕಟವಾಯಿತು. ಅವನೆದುರು ಕೈಕಟ್ಟಿ ನಿಲ್ಲುವುದೆಂದರೆ ಗಾಯದ ಮೇಲೆ ಬರೆ. ನಿನ್ನ ನಿದ್ದೆ ಹೋಗಿರುವುದೂ ಅದಕ್ಕೇ ಇರಬೇಕು. ಬೇರೆ ಬೀದಿ ಕೊಡಿ ಎಂದು ಸಾಹೇಬರನ್ನು ಕೇಳು. ಕೊಡದಿದ್ದರೆ ತಲೆ ತಗ್ಗಿಸದೆ ಹೋಗಿ, ಕೆಲಸ ಮುಗಿಸಿ ಬಂದುಬಿಡು. ನಮಗೆ ಇನ್ನೇನೂ ಮಾಡಲು ಉಳಿದಿಲ್ಲ ಕಣೋ. ನನಗಂತೂ ಸಾಕಾಗಿದೆ.

ಮಾಲೀಕರದು ಹೊಸ ರಾಗ. ಬರೀ ಡೈಲಾಗ್ ಸಾಲದಂತೆ. ಸೇತುವೆ ಬೆನ್ನು ಹಾಕಿ ನಿಂತಾಗ ಕತ್ತಿಯ ಸದ್ದು, ಮುದುಕನ ಒಂದು ಕಿರುಚಾಟ ಸೇರಿಸಿ, ಕೊಂದೇ ಬಿಟ್ಟ ಎಂದು ಮಾಡಬೇಕಂತೆ. ಮುದುಕ ಆಮೇಲೂ ನೀರಿನಲ್ಲಿ ಕೂತಿರುವ ಭಾಗ ಕತ್ತರಿಸುತ್ತಾರಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನರ ನಡುವೆ ನನ್ನ ಹೊಟ್ಟೆಪಾಡು. ಕೊಲ್ಲದೆ ಹೋದದ್ದೇ ಅವನ ದೊಡ್ಡತನ ಅಲ್ಲವೇ? ನೀನೇನು ಹೇಳುತ್ತೀಯೆ? ಬೇಗ ಬರೆ.

ನಿನ್ನ ಅಕ್ಕ

ಮಾರ್ಚ್ 24

ತಮ್ಮಾ,

ನಿನ್ನಿಂದ ಉತ್ತರವಿಲ್ಲ. ಮನೆಯ ಫೋನಿನಲ್ಲಿ ಅಮ್ಮ, “ಅವ್ನಾ? ಬರ್ತಾನೆ, ಉಣ್ತಾನೆ, ಗೋಡೆ ನೋಡ್ಕೊಂಡ್ ಕೂತ್ಕೋತಾನೆ,” ಎಂದಳು. ನಿನ್ನ ಆಫೀಸಿಗೆ ಮಾಡಿದರೆ, “ಕಂಬದ ಮೇಲಿದ್ದಾರೆ, ಇಳಿದ ಮೇಲೆ ಹೇಳ್ತೀವಿ,” ಎಂದರು. ನೀನು ಇನ್ನೂ ಇಳಿದಿಲ್ಲ.

ಇವತ್ತು ಮಧ್ಯಾಹ್ನ ಗುಡುಗು ಕೊನೆಯ ದೃಶ್ಯದ ಮಾತು ಹೇಳುತ್ತಿದ್ದ. ‘ನಾನು ಬರಬೇಕಾಗಿಯೂ ಇಲ್ಲ’ ಎಂಬಲ್ಲಿಗೆ ನಿಲ್ಲಿಸಿ ಗಾಜಿನಾಚೆಯಿಂದ ನನ್ನನ್ನು ಕೇಳಿದ: “ಅಕ್ಕಾ, ಇವ್ನು ಬಂದು ಎದುರಿಗೇ ನಿಂತಿದ್ದಾನಲ್ಲ? ಬರಬೇಕಾಗಿಲ್ಲ ಅಂದ್ರೆ ಏನರ್ಥ?” ಉತ್ತರ ಹೇಳಲು ಬಾಯಿ ತೆರೆದವಳು ನಿನ್ನ ಕಾಗದ ಹುಡುಕಿ ತೆಗೆದು ಮತ್ತೆ ಓದಿದೆ.

ಇದು ಸೇತುವೆಯ ಮಾತಲ್ಲ. ಹಾಲು ಬರುವುದು ಯಾರ ಮನೆಗೆ? ಚಿಲಕ ಯಾವ ಬಚ್ಚಲುಮನೆಯದು? ಕೆಲಸ ಮಾಡುವಾಗ ಬೇರೆಯವರು ಕರೆಂಟು ಹಾಕಬಾರದೆಂದು ಲೈನ್‌ಮನ್‌ಗಳು ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಂಡೇ ಇರುತ್ತಾರೆಂದು ನೀನೇ ಒಮ್ಮೆ ಹೇಳಿದ್ದೆ. ನಾನು ಜೇಬು ಎಂದು ನಕ್ಕೆನಲ್ಲೋ! ಗುಡುಗನ್ನೂ ಕೂಡಿಸಿಕೊಂಡು ನಕ್ಕೆನಲ್ಲ!

ಕೇಳು. ನನಗೆ ನೀತಿ ಹೇಳಲು ಬರುವುದಿಲ್ಲ. ಅವನು ಬದುಕಿರಬೇಕೆಂದು ನನಗೇನೂ ಆಸೆಯಿಲ್ಲ, ಇದನ್ನು ನಿನ್ನೊಬ್ಬನ ಹತ್ತಿರ ಮಾತ್ರ ಹೇಳಬಲ್ಲೆ. ಆದರೆ ನೀನು ನನಗೆ ಬೇಕು. ಅಪ್ಪ ಹೋದ ಮೇಲೆ ಉಳಿದವರು ನಾವು ಮೂವರು. ಅಮ್ಮನಿಗೆ ಮತ್ತೊಂದು ಸುದ್ದಿ ಹೇಳುವ ಕೆಲಸ ನನಗೆ ಕೊಡಬೇಡ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಕಣೋ.

ಇದನ್ನು ನಮ್ಮೂರ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ, ಬೆಳಿಗ್ಗೆ ತಲುಪಿಸುತ್ತಾನೆ. ಶನಿವಾರ ನಾನೇ ಬರುತ್ತೇನೆ. ಅಲ್ಲಿಯವರೆಗೆ ಆ ಮನೆಯ ಕಡೆ ಹೋಗಬೇಡ. ಕೈಮುಗಿಯುತ್ತೇನೆ.

ಅಕ್ಕ

ಮಾರ್ಚ್ 25

ಅಕ್ಕಾ,

ನಿನ್ನ ಕಾಗದ ತಲುಪುವ ಮೊದಲೇ ಆ ಮನೆಯ ಕೆಲಸ ಮುಗಿಸಿದ್ದೆ. ಹೆದರಬೇಡ, ಪೂರ್ತಿ ಓದು. ಅದೇ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೊದಲ ದಿನ ಹೋದಾಗಲೇ ನೋಡಿದ್ದೆ. ಗೀಸರಿನ ಕಾಯಿಲ್‌ನಿಂದ ಕರೆಂಟು ನೀರಿಗೆ ಸೋರುತ್ತಿತ್ತು, ಅದನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಇಷ್ಟು ದಿನ ಬರೀ ಜುಮ್ಮೆಂದದ್ದು ಅವನ ಪುಣ್ಯ. ಬಚ್ಚಲುಮನೆಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಆಗ ಹೊಳೆಯಿತು, ನಾನು ಏನೂ ಮಾಡಬೇಕಾಗಿಲ್ಲ. ಫ್ಯೂಸ್ ತಿರುಗಿ ಹಾಕಿ, ಸರಿಯಾಯಿತು ಎಂದು ಹೇಳಿ ಬಂದರೆ ಸಾಕು. ಉಳಿದದ್ದನ್ನು ನೀರು ನೋಡಿಕೊಳ್ಳುತ್ತದೆ. ಸಾಮಾನು ತರಬೇಕು ಎಂದು ಸುಳ್ಳು ಹೇಳಿ, ಫ್ಯೂಸ್ ಹಿಡಿದುಕೊಂಡೇ ಮನೆಗೆ ಬಂದೆ.

ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೇ ಓಡಾಡಿದ್ದು. ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಸುಸ್ತಾಗುತ್ತಿತ್ತು ಅಕ್ಕಾ. ದಿನವೂ ಒಂದು ಸಲ ಅವನನ್ನು ಕೊಂದು, ಸಂಜೆ ಅಮ್ಮನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದೆ. ನಿನ್ನ ಸೇತುವೆ ಅಷ್ಟು ಜನರನ್ನು ಕೊಂದು ಹೇಗೆ ನೆಟ್ಟಗೆ ನಿಲ್ಲುತ್ತಾನೋ ಗೊತ್ತಿಲ್ಲ.

ಮೊನ್ನೆ ಗಟ್ಟಿ ಮನಸ್ಸು ಮಾಡಿ ಹೋದೆ. ಫ್ಯೂಸ್ ಕೈಯಲ್ಲಿತ್ತು. ಯಜಮಾನ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದು, “ಏನಪ್ಪಾ, ಇವತ್ತಾದ್ರೂ ಸ್ನಾನ ಮಾಡಬಹುದಾ?” ಎಂದ. ನಾನು ‘ಹೋಗಿ ಮಾಡಿ’ ಎನ್ನಬೇಕಿತ್ತು. ಎರಡೇ ಮಾತು. ನಾಲಿಗೆ ಏಳಲಿಲ್ಲ. ‘ಒಳಗೆ ಯಾರೂ ಇಲ್ಲ ಅಂದ್ಕೊಂಡಿದ್ದೆ’ ಎಂದು ಅವನು ಕೋರ್ಟಿನಲ್ಲಿ ಎಷ್ಟು ತಣ್ಣಗೆ ಹೇಳಿದನೆಂದು ನೀನೇ ಹೇಳಿದ್ದೆ. ಹಾಗೆಯೇ ತಣ್ಣಗೆ ನಾನೂ ಹೇಳಬೇಕಲ್ಲ, ಹಾಗಾದರೆ ನನಗೂ ಅವನಿಗೂ ಏನು ವ್ಯತ್ಯಾಸ ಉಳಿಯುತ್ತದೆ ಎನಿಸಿತು. “ಇನ್ನೂ ಇಲ್ಲ, ಮುಟ್ಟಬೇಡಿ,” ಎಂದುಬಿಟ್ಟೆ.

ಆಮೇಲೆ ಇಡೀ ದಿನ ಕೆಲಸ. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಲು ಉಪ್ಪು ತುಂಬಿ ಹೊಸ ಅರ್ಥಿಂಗ್ ಕೊಟ್ಟೆ. ತಂತಿ ಬದಲಾಯಿಸಿದೆ, ಗೀಸರಿನ ಕಾಯಿಲ್ ಬದಲಾಯಿಸಿದೆ. ನಮ್ಮ ಮನೆಗೂ ಅಷ್ಟು ಚೆನ್ನಾಗಿ ಮಾಡಿಲ್ಲ. ಕೊನೆಗೆ ಫ್ಯೂಸ್ ಹಾಕಿದೆ. “ಎಷ್ಟಾಯ್ತು?” ಎಂದು ಕೇಳಿದ. “ಏನೂ ಬೇಡ. ನಾನು ನಿಮ್ಮ ಗೋದಾಮಿನ ಕಾವಲುಗಾರನ ಮಗ,” ಎಂದು ಹೇಳಿ ಬಂದೆ. ಅವನ ಮುಖ ಬಿಳಿಚಿಕೊಂಡಿತು. ಹೇಳಬಾರದಿತ್ತೇನೋ. ಅಷ್ಟು ಸೇಡು ಹೊಟ್ಟೆಯಲ್ಲಿ ಉಳಿದಿತ್ತು.

ಶನಿವಾರ ನೀನು ಬರಬೇಕಾಗಿಲ್ಲ. ಬಂದರೆ ಅಮ್ಮನಿಗೆ ಸಂತೋಷವಾಗುತ್ತದೆ. ನಾನು ನಿನ್ನೆ ಚೆನ್ನಾಗಿ ನಿದ್ದೆ ಮಾಡಿದೆ.

ತಮ್ಮ

ಏಪ್ರಿಲ್ 19

ನನ್ನ ಮೊಂಡ ತಮ್ಮ,

ನೀನು ಬರಬೇಕಾಗಿಲ್ಲ ಎಂದರೂ ಬಂದೆನಲ್ಲ, ಎರಡು ದಿನವೂ ನೀನು ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಮ್ಮ ಎದುರಿಗಿದ್ದಳು. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಿನ್ನ ಕಾಗದ ಕೈಗೆ ಸಿಕ್ಕಿದಾಗ ಪ್ರಯಾಣದ ಚೀಲ ಕಟ್ಟುತ್ತಿದ್ದೆ. ಓದಿ ಮುಗಿಸಿ ಅದರ ಮೇಲೇ ಕೂತು ಅತ್ತೆ. ಸಿಟ್ಟೂ ಬಂತು. ಇಷ್ಟು ದಿನ ಒಬ್ಬನೇ ಹೊತ್ತುಕೊಂಡು ತಿರುಗಿದೆಯಲ್ಲ, ಒಂದು ಸಾಲು ನೇರವಾಗಿ ಬರೆಯಲು ಏನಾಗಿತ್ತು? ಬರೆದಿದ್ದೆ ಅನ್ನುತ್ತೀಯೆ. ಹೌದು, ಓದಲು ಬಾರದವಳು ನಾನು.

ನಿನ್ನ ಹಾಗೆ ಮಾಡಲು ನನ್ನ ಕೈಲಾಗಲಿಲ್ಲ. ಕೊನೆಯ ದೃಶ್ಯಕ್ಕೆ ಮಾತು ಬೇಡ, ಮೂಲದಲ್ಲಿರುವ ಹಾಗೆ ಸುಮ್ಮನೆ ಬಿಡಿ ಎಂದು ಮಾಲೀಕರ ಹತ್ತಿರ ಹೋರಾಡಿದೆ. “ಅವ್ನು ಒಳ್ಳೆಯವನು ಅಂತ ಗೊತ್ತಾಗೋಕೆ ಜನಕ್ಕೆ ಟೈಮ್ ಎಲ್ಲಿದೆ ಮೇಡಂ?” ಎಂದರು. ಮಾತು ತೆಗೆದರು, ಕಿರುಚಾಟ ಸೇರಿಸಿದರು. ಮುದುಕನ ದನಿಯವನು ಊರಿಗೆ ಹೋಗಿದ್ದರಿಂದ ಮಾಲೀಕರೇ ಮೈಕಿನ ಮುಂದೆ ನಿಂತು ಸತ್ತರು. ಚೆನ್ನಾಗಿಯೇ ಸತ್ತರು. ಹಾಗಾದರೆ ನನ್ನ ಹೆಸರು ತೆಗೆದುಬಿಡಿ ಎಂದೆ. “ಹಾಕಿದ್ರೆ ತಾನೇ ಮೇಡಂ ತೆಗೆಯೋಕೆ?” ಎಂದರು.

ನಿನ್ನೆ ಬಿಡುಗಡೆಯಾಯಿತು. ಕೊನೆಯ ಸಾಲಿನಲ್ಲಿ ಕೂತು ನೋಡಿದೆ. ಕಿರುಚಾಟ ಬಂದಾಗ ಜನ ಎದ್ದು ಶಿಳ್ಳೆ ಹೊಡೆದರು. ಅಷ್ಟು ದೂರ ತನ್ನ ವ್ರತ ಕಾಪಾಡಿಕೊಂಡು ಬಂದವನನ್ನು ನಾವು ಬೆನ್ನ ಹಿಂದಿನಿಂದ ಕೊಲೆಗಾರನನ್ನಾಗಿ ಮಾಡಿದೆವು. ಪಕ್ಕದಲ್ಲಿ ಗುಡುಗು ತಲೆ ತಗ್ಗಿಸಿ ಕೂತಿದ್ದ. ನನಗೆ ಬಹಳ ದಣಿವಾಗಿದೆ. ಆದರೆ ನೀನಿದ್ದೀಯೆ, ಅದೊಂದು ಸಮಾಧಾನ. ಯಜಮಾನ ಮತ್ತೆ ನಿನ್ನ ತಂಟೆಗೆ ಬಂದನೇ?

ನಿನ್ನ ಅಕ್ಕ

ಏಪ್ರಿಲ್ 28

ಅಕ್ಕಾ,

ಬಂದ. ಹೇಳುತ್ತೇನೆ ಕೇಳು.

ನಾನು ಮಾಡಿಕೊಟ್ಟ ದಿನದಿಂದ ಅವನು ಗೀಸರಿನ ಸ್ವಿಚ್ ಮುಟ್ಟಿಯೇ ಇಲ್ಲವಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಪೇಟೆಯಿಂದ ಬೇರೆ ಎಲೆಕ್ಟ್ರಿಷಿಯನ್ ಕರೆಸಿದ್ದಾನೆ, ಅವನು ನೋಡಿ ಇಷ್ಟು ಚೆನ್ನಾದ ಕೆಲಸ ಈ ಬೀದಿಯಲ್ಲೇ ಇಲ್ಲ ಎಂದಿದ್ದಾನೆ. ಕಾವಲುಗಾರನ ಮಗ ಇಷ್ಟು ಚೆನ್ನಾಗಿ ಯಾಕೆ ಮಾಡಿಕೊಟ್ಟ ಎಂದು ಯಜಮಾನ ಇನ್ನೂ ಹೆದರಿದ್ದಾನೆ. ತಣ್ಣೀರು ಹೊಯ್ದುಕೊಂಡು ನೆಗಡಿ ಹಿಡಿಸಿಕೊಂಡು, ಕೊನೆಗೆ ಸಾಹೇಬರ ಮೂಲಕ ನನ್ನನ್ನೇ ಕರೆಸಿದ. ಹೋಗಬಾರದೆಂದಿದ್ದೆ. ಸಾಹೇಬರು ಬಿಡಲಿಲ್ಲ.

ನನ್ನ ಮುಖ ನೋಡದೆ, “ನೀನೇ ಮೊದಲು ಸ್ನಾನ ಮಾಡು. ನಾನು ಇಲ್ಲೇ ನಿಂತಿರ್ತೀನಿ,” ಎಂದು ಹೊಸ ಟವೆಲ್ ಕೊಟ್ಟ. ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಕೆಲಸ ನನ್ನದು, ಅನುಮಾನ ಅವನದು. ಆಗಲಿ ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡು ಸ್ವಿಚ್ ಹಾಕಿದೆ.

ನೀರು ಹೊಗೆಯಾಡುತ್ತಾ ಬಂತು ಅಕ್ಕಾ. ನಮ್ಮ ಮನೆಯಲ್ಲಿ ಅಮ್ಮನಿಗೆ ಕಾಯಿಸಿ ಉಳಿದರೆ ನನಗೆ. ಅಷ್ಟೊಂದು ಬಿಸಿನೀರು ಹೆಗಲ ಮೇಲೆ ಬಿದ್ದ ಕೂಡಲೇ ಏನಾಯಿತೋ, ಅಲ್ಲೇ ಮಣೆಯ ಮೇಲೆ ಕೂತುಬಿಟ್ಟೆ. ಅಪ್ಪ ಸತ್ತಾಗ ನಾನು ಅತ್ತಿರಲಿಲ್ಲ, ನಿನಗೆ ಗೊತ್ತು. ಅವತ್ತಿನದೂ ಸೇರಿಸಿ ಅತ್ತೆ. ಅಳು ಹೊರಗೆ ಕೇಳಿಸದಂತೆ ನಲ್ಲಿ ಬಿಟ್ಟುಕೊಂಡೆ.

“ಏನಪ್ಪಾ, ಸರಿ ಇದೆಯಾ?” ಎಂದು ಹೊರಗಿನಿಂದ ಕೇಳಿದ. ನನಗೆ ದನಿ ಹೊರಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿದ. “ಲೋ, ಮಾತಾಡೋ.” ಈಗ ದನಿ ಹೊರಡುತ್ತಿತ್ತು, ನಾನೇ ಹೊರಡಿಸಲಿಲ್ಲ. ಎರಡೂ ಕೈಯಲ್ಲಿ ಬಾಗಿಲು ಬಡಿಯತೊಡಗಿದ. “ಒಳಗಿದ್ದೀಯೇನೋ? ಇದ್ದೀಯೇನೋ? ಯಾರಾದ್ರೂ ಬನ್ರೋ, ಬಾಗಿಲು ಒಡೀರೋ!” ಎಂದು ಕೂಗಿಕೊಂಡ. ಅಪ್ಪನಿಗಾಗಿ ಅವನು ಒಂದು ಸಲವೂ ಬಡಿಯದ ಬಾಗಿಲು. ಅವನ ದನಿ ಒಡೆದು ಅಳುವಿಗೆ ಬಂತು. ಇನ್ನಷ್ಟು ಹೊತ್ತು ಹಾಗೇ ಇರಬಹುದಿತ್ತು. ನನಗೆ ಸಾಕೆನಿಸಿತು.

“ಇದ್ದೀನಿ, ಯಜಮಾನ್ರೇ,” ಎಂದು ಗಟ್ಟಿಯಾಗಿ ಹೇಳಿ, ಇನ್ನೊಂದು ಚೊಂಬು ಹೊಯ್ದುಕೊಂಡೆ.

ತಮ್ಮ